ಮಾವನ ಮನೆಯ ಬಂದೂಕು: ಥ್ರಿಲ್ಲರ್ ಕಾದಂಬರಿ ಮತ್ತು ಒಂದು ನಿಜವಾದ ಕೇಸ್

ಈ ಸಲದ ಮಾತು ಕೋರ್ಟ್ ಥ್ರಿಲ್ಲರ್‌ಗಳ ಬಗ್ಗೆ. ಮುಂಬೈನ ಫ್ಲೋರಾ ಫೌಂಟನ್ ಇರಲಿ, ಹೈದರಾಬಾದಿನ ಆಬಿಡ್ಸ್‌ನ ಭಾನುವಾರದ ಸಂತೆ ಇರಲಿ, ಹಳೇ ಪುಸ್ತಕಗಳ ರಾಶಿ ಕೆದಕಿದ್ರೆ ಜಾನ್ ಗ್ರಿಶಮ್ ಹೆಸರು ಸಿಕ್ಕೇ ಸಿಗುತ್ತೆ. ಅವರ ಮೊದಲ ಕಾದಂಬರಿ 'ಎ ಟೈಮ್ ಟು ಕಿಲ್' ಬಂದಿದ್ದು 1989ರಲ್ಲಿ. ಆಗ ಅವರು ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ವಕೀಲರು, ಶಾಸಕರೂ ಹೌದು. ಬೆಳಗಿನ ಜಾವ ಎದ್ದು ಬರೀತಿದ್ರು. ಅಚ್ಚಾಗಿದ್ದು 5000 ಪ್ರತಿ, ಅದರಲ್ಲಿ 1000 ಅವರೇ ಕೊಂಡ್ಕೊಂಡ್ರು.

ಕಥೆ ಹೀಗಿದೆ. ಹತ್ತು ವರ್ಷದ ಕಪ್ಪು ಹುಡುಗಿಯ ಮೇಲೆ ಇಬ್ಬರು ಬಿಳಿಯರು ಅತ್ಯಾಚಾರ ಮಾಡ್ತಾರೆ. ಅವಳ ಅಪ್ಪ ಕೋರ್ಟ್ ಕಟ್ಟಡದೊಳಗೇ ಇಬ್ಬರನ್ನೂ ಗುಂಡಿಟ್ಟು ಕೊಲ್ಲುತ್ತಾನೆ. ಆ ಅಪ್ಪನ ಪರ ನಿಲ್ಲೋ ಬಿಳಿ ವಕೀಲ ಜೇಕ್ ಬ್ರಿಗಾನ್ಸ್‌ನ ಮನೆಯನ್ನ ಕು ಕ್ಲಕ್ಸ್ ಕ್ಲಾನ್‌ನವರು ಸುಟ್ಟುಹಾಕ್ತಾರೆ.

ಕಾದಂಬರಿಯ ಊರು ಕಾಲ್ಪನಿಕ, ರಾಜ್ಯ ಅಲ್ಲ. ಅದೇ 1989ರಲ್ಲಿ ಮಿಸಿಸಿಪ್ಪಿಯ ರಾಜಧಾನಿ ಜಾಕ್ಸನ್‌ನಲ್ಲಿ ಒಬ್ಬ ನಿಜವಾದ ಬಿಳಿ ವಕೀಲನ ಮೇಜಿಗೆ 26 ವರ್ಷ ಹಳೆಯ ಕೊಲೆ ಕೇಸೊಂದು ಬಂತು. ನನಗೆ ಕಾದಂಬರಿಗಿಂತ ಈ ಕೇಸೇ ಹೆಚ್ಚು ಕಾಡಿದ್ದು.

ಕೊಲೆಯಾದವರು ಮೆಡ್ಗರ್ ಎವರ್ಸ್. ಎರಡನೇ ಮಹಾಯುದ್ಧದಲ್ಲಿ ಸೈನಿಕರಾಗಿದ್ದವರು, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡ್ತಿದ್ದ ಎನ್‌ಎಎಸಿಪಿ ಸಂಘಟನೆಯ ಕಾರ್ಯದರ್ಶಿ. 1963ರ ಜೂನ್ 12, ಮಧ್ಯರಾತ್ರಿ ದಾಟಿ ಸ್ವಲ್ಪ ಹೊತ್ತಾಗಿತ್ತು. ಮನೆ ಮುಂದೆ ಕಾರು ನಿಲ್ಲಿಸಿ ಇಳಿದವರ ಬೆನ್ನಿಗೆ ಗುಂಡು ಬಿತ್ತು. ಹೆಂಡತಿ ಮರ್ಲಿ, ಮೂವರು ಮಕ್ಕಳು ಎಚ್ಚರವಾಗೇ ಇದ್ರು. ಎವರ್ಸ್‌ಗೆ ಆಗ 37 ವರ್ಷ.

ಹತ್ತಿರದ ಪೊದೆಯಲ್ಲಿ ರೈಫಲ್ ಸಿಕ್ಕಿತು. ಅದರ ದುರ್ಬೀನಿನ ಮೇಲೆ ಬೈರನ್ ಡಿ ಲಾ ಬೆಕ್ವಿತ್ ಅನ್ನೋ ಗೊಬ್ಬರ ಮಾರಾಟಗಾರನ ಬೆರಳಚ್ಚಿತ್ತು. ಇಷ್ಟು ಸಾಕಲ್ವಾ? ಸಾಕಾಗಲಿಲ್ಲ. ಆ ರಾತ್ರಿ ಅವನು ಸುಮಾರು 150 ಕಿಲೋಮೀಟರ್ ದೂರದ ಗ್ರೀನ್‌ವುಡ್‌ನಲ್ಲಿದ್ದ ಅಂತ ಅಲ್ಲಿನ ಪೊಲೀಸರೇ ಸಾಕ್ಷಿ ಹೇಳಿದ್ರು. ಆಗಷ್ಟೇ ಅಧಿಕಾರ ಬಿಟ್ಟಿದ್ದ ಗವರ್ನರ್ ರಾಸ್ ಬಾರ್ನೆಟ್ ಕೋರ್ಟಿಗೆ ಬಂದು ಆರೋಪಿಯ ಕೈ ಕುಲುಕಿದ್ರು. 1964ರಲ್ಲಿ ಎರಡು ಸಲ ವಿಚಾರಣೆ ನಡೆಯಿತು, ಎರಡೂ ಸಲ ಜ್ಯೂರಿಯಲ್ಲಿ ಬರೀ ಬಿಳಿ ಗಂಡಸರು, ಎರಡೂ ಸಲ ಒಮ್ಮತ ಬರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ಜ್ಯೂರಿ ಅಂದ್ರೆ ಮುಂಬೈನವರಿಗೆ ನಾನಾವತಿ ಕೇಸ್ ನೆನಪಾಗುತ್ತೆ, ಅಲ್ಲಿ 8-1 ಬಹುಮತ ನಡೀತು. ಮಿಸಿಸಿಪ್ಪಿಯ ಕೊಲೆ ಕೇಸಿನಲ್ಲಿ ಹನ್ನೆರಡೂ ಜನ ಒಂದೇ ಮಾತು ಹೇಳಬೇಕು. ಹೇಳದಿದ್ರೆ ಆರೋಪಿ ದೋಷಿಯೂ ಅಲ್ಲ, ಖುಲಾಸೆಯೂ ಅಲ್ಲ. ಈ ಸಣ್ಣ ವ್ಯತ್ಯಾಸದ ಬೆಲೆ ಗೊತ್ತಾಗಬೇಕಾದ್ರೆ ಎಮ್ಮೆಟ್ ಟಿಲ್ ಕೇಸ್ ನೋಡಿ. ಅದೇ ರಾಜ್ಯ, 1955, ಕೊಲೆಯಾದ ಹುಡುಗನಿಗೆ 14 ವರ್ಷ. ಜ್ಯೂರಿ 67 ನಿಮಿಷದಲ್ಲಿ ಆರೋಪಿಗಳನ್ನ ಖುಲಾಸೆ ಮಾಡಿತು. ಮರುವರ್ಷ ಅವರು ಪತ್ರಿಕೆಯೊಂದಕ್ಕೆ ಕೊಲೆ ಮಾಡಿದ್ದು ನಾವೇ ಅಂತ ಹೇಳಿಕೊಂಡ್ರು. ಆದರೂ ಆ ಕೊಲೆಗೆ ಮತ್ತೆ ವಿಚಾರಣೆ ಸಾಧ್ಯವಿರಲಿಲ್ಲ, ಯಾಕಂದ್ರೆ ಖುಲಾಸೆ ಆದವನನ್ನ ಅದೇ ಅಪರಾಧಕ್ಕೆ ಇನ್ನೊಮ್ಮೆ ಕಟಕಟೆಗೆ ತರೋ ಹಾಗಿಲ್ಲ. ಬೆಕ್ವಿತ್ ಮೇಲಿನ ಆರೋಪವನ್ನ 1969ರಲ್ಲಿ ಕೈಬಿಟ್ಟಿದ್ರು ಅಷ್ಟೇ. ನಮ್ಮ ಆಫೀಸ್ ಭಾಷೇಲಿ ಹೇಳೋದಾದ್ರೆ, ಟಿಕೆಟ್ ಕ್ಲೋಸ್ ಆಗಿರಲಿಲ್ಲ.

1989ರ ಅಕ್ಟೋಬರ್‌ನಲ್ಲಿ ಜೆರ್ರಿ ಮಿಚೆಲ್ ಅನ್ನೋ ಪತ್ರಕರ್ತ ಜಾಕ್ಸನ್‌ನ 'ಕ್ಲಾರಿಯನ್-ಲೆಡ್ಜರ್' ಪತ್ರಿಕೆಯಲ್ಲಿ ಒಂದು ವರದಿ ಬರೆದ್ರು. ವರ್ಣಭೇದ ಉಳಿಸೋಕೆ ಅಂತ ರಾಜ್ಯ ಸರ್ಕಾರ ಕಟ್ಟಿದ್ದ ಸಾವರಿನ್‌ಟಿ ಕಮಿಷನ್, 1964ರಲ್ಲಿ ಜ್ಯೂರಿಗೆ ಬರಬಹುದಾದವರ ಹಿನ್ನೆಲೆ ಜಾಲಾಡಿ ಬೆಕ್ವಿತ್‌ನ ವಕೀಲರಿಗೆ ಕೊಟ್ಟಿತ್ತು! ಅಂದ್ರೆ ಸರ್ಕಾರದ ಒಂದು ಕೈ ಕೇಸ್ ನಡೆಸ್ತಿದ್ದಾಗ ಇನ್ನೊಂದು ಕೈ ಅದನ್ನ ಕೆಡಿಸ್ತಿತ್ತು. ಮರ್ಲಿ ಎವರ್ಸ್ ಮರುತನಿಖೆ ಕೇಳಿದ್ರು. ಕೇಸ್ ಹೋಗಿದ್ದು ಸಹಾಯಕ ಸರ್ಕಾರಿ ವಕೀಲ ಬಾಬಿ ಡಿಲಾಟರ್ ಹತ್ತಿರ.

ಅವರ ಕೈಲಿ ಏನಿತ್ತು? ವಿಚಾರಣೆಯ ದಾಖಲೆ ಇಲ್ಲ, ಬಂದೂಕೂ ಇಲ್ಲ. ಸಾಕ್ಷಿಗಳಲ್ಲಿ ಹಲವರು ಸತ್ತಿದ್ರು. ಬೆದರಿಕೆಗಳು ಬಂದವು, ಅದೇ ವರ್ಷಗಳಲ್ಲಿ ಅವರ ಮದುವೆಯೂ ಮುರಿಯಿತು. ಆದರೆ ಕೇಸ್ ನಿಂತುಹೋಗೋ ದೊಡ್ಡ ಅಪಾಯ ಇದ್ದಿದ್ದು ಆ ಖಾಲಿ ಕಪಾಟಿನಲ್ಲಿ. ಕೋರ್ಟ್ ಕಳೆದುಕೊಂಡಿದ್ದನ್ನ ಮರ್ಲಿ ಇಷ್ಟು ವರ್ಷ ಜೋಪಾನವಾಗಿ ಇಟ್ಕೊಂಡಿದ್ರು: ಮೊದಲ ವಿಚಾರಣೆಯ ಪೂರ್ತಿ ದಾಖಲೆಯ ಪ್ರತಿ. ಸತ್ತ ಸಾಕ್ಷಿಗಳ ಹೇಳಿಕೆಯನ್ನ ಆಮೇಲೆ ಅದರಿಂದಲೇ ಜ್ಯೂರಿಗೆ ಓದಿ ಹೇಳಿದ್ದು.

ಬಂದೂಕಿನ ಕಥೆಯನ್ನ ಕಾದಂಬರೀಲಿ ಬರೆದಿದ್ರೆ 'ಇದೆಲ್ಲ ಆಗೋ ಮಾತಾ' ಅಂತ ನಾವೇ ನಗ್ತಿದ್ವಿ. ಡಿಲಾಟರ್ ಅವರ ಮಾವ ರಸೆಲ್ ಮೂರ್ ಜಾಕ್ಸನ್‌ನಲ್ಲಿ ಜಡ್ಜ್ ಆಗಿದ್ದವರು, ಅಷ್ಟೊತ್ತಿಗೆ ತೀರಿಕೊಂಡಿದ್ರು. ಅವರು ಆ ಎನ್‌ಫೀಲ್ಡ್ ರೈಫಲನ್ನ ನೆನಪಿನ ವಸ್ತುವಿನ ಹಾಗೆ ಮನೆಗೆ ತಂದಿಟ್ಟುಕೊಂಡಿದ್ರು. ಅಳಿಯ ಹೋಗಿ ಹುಡುಕಿ ಸೀರಿಯಲ್ ನಂಬರ್ ನೋಡಿದ್ರೆ, ಅದೇ.

ಮುಂದಿನದು ನಿಧಾನವಾಗಿ ಸಾಗಿತು. 1991ರಲ್ಲಿ ಎವರ್ಸ್ ದೇಹವನ್ನ ಆರ್ಲಿಂಗ್ಟನ್ ಸ್ಮಶಾನದಿಂದ ಹೊರತೆಗೆದು ಹೊಸದಾಗಿ ಮರಣೋತ್ತರ ಪರೀಕ್ಷೆ ಮಾಡಿದ್ರು. ಇಷ್ಟು ತಡವಾಗಿ ವಿಚಾರಣೆ ಮಾಡಬಹುದಾ ಅನ್ನೋ ಪ್ರಶ್ನೆಗೆ ರಾಜ್ಯದ ಸುಪ್ರೀಂ ಕೋರ್ಟ್ 1992ರಲ್ಲಿ 4-3ರಿಂದ ಹೌದು ಅಂತು. ಒಂದೇ ಒಂದು ವೋಟು. ಬೆಕ್ವಿತ್ ಹಿಂದೆ ಕೊಚ್ಚಿಕೊಂಡಿದ್ದನ್ನ ಕೇಳಿಸಿಕೊಂಡವರು ಬಂದು ಸಾಕ್ಷಿ ಹೇಳಿದ್ರು. ಎಂಟು ಕಪ್ಪು, ನಾಲ್ಕು ಬಿಳಿ ಸದಸ್ಯರ ಜ್ಯೂರಿ 1994ರ ಫೆಬ್ರವರಿ 5ರಂದು ಅವನನ್ನ ದೋಷಿ ಅಂತು. ಜೀವಾವಧಿ ಶಿಕ್ಷೆಯಲ್ಲಿರುವಾಗಲೇ 2001ರಲ್ಲಿ ಸತ್ತ.

1996ರಲ್ಲಿ ಎರಡು ಸಿನಿಮಾ ಬಂದವು. 'ಎ ಟೈಮ್ ಟು ಕಿಲ್' ಗೆದ್ದಿತು, ಡಿಲಾಟರ್ ಕಥೆಯ 'ಗೋಸ್ಟ್ಸ್ ಆಫ್ ಮಿಸಿಸಿಪ್ಪಿ' ಸೋತಿತು. ಕೊಲೆಯಾದವನ ಕಥೆಯನ್ನ ಬಿಳಿ ವಕೀಲನ ಕಥೆ ಮಾಡಿಬಿಟ್ರು ಅಂತ ಎರಡನೆಯದನ್ನ ಟೀಕಿಸಿದ್ರು. ನಂಗೂ ಹಾಗೇ ಅನ್ಸುತ್ತೆ, ಆ ದಾಖಲೆ ಕಾದಿಟ್ಟಿದ್ದು ವಕೀಲರಲ್ಲವಲ್ಲ.

ಆ ವಕೀಲರೂ ಕಾದಂಬರಿಯ ನಾಯಕನ ಹಾಗೆ ಉಳಿಯಲಿಲ್ಲ. ಡಿಲಾಟರ್ ಮುಂದೆ ಜಡ್ಜ್ ಆದ್ರು. ಶ್ರೀಮಂತ ವಕೀಲ ಡಿಕಿ ಸ್ಕ್ರಗ್ಸ್‌ಗೆ ಸಂಬಂಧಿಸಿದ ನ್ಯಾಯಾಂಗ ಭ್ರಷ್ಟಾಚಾರದ ತನಿಖೆಯಲ್ಲಿ ಎಫ್‌ಬಿಐಗೆ ಸುಳ್ಳು ಹೇಳಿದ್ದನ್ನ 2009ರಲ್ಲಿ ಒಪ್ಪಿಕೊಂಡ್ರು, 18 ತಿಂಗಳ ಜೈಲು ಶಿಕ್ಷೆ ಆಯ್ತು. ಇದರಿಂದ 1994ರ ತೀರ್ಪು ಅಳಿಸಿಹೋಗಲಿಲ್ಲ. ಆ ರೈಫಲ್ ಈಗ ಜಾಕ್ಸನ್‌ನಲ್ಲೇ, 2017ರಲ್ಲಿ ತೆರೆದ ನಾಗರಿಕ ಹಕ್ಕುಗಳ ಮ್ಯೂಸಿಯಂನಲ್ಲಿದೆ.