ಸುಪ್ತ ವೀರಾಸನ: ಮೊಣಕಾಲು ಒಪ್ಪಿದರೆ ಮಾತ್ರ ಹಿಂದಕ್ಕೆ ಮಲಗಿ

ದಿನವಿಡೀ ನಿಂತು ಕೆಲಸ ಮಾಡುವವರಿಗೆ, ತುಂಬಾ ನಡೆಯುವವರಿಗೆ ಕಾಲಿನ ದಣಿವು ಇಳಿಸುವ ಆಸನಗಳಲ್ಲಿ ಸುಪ್ತ ವೀರಾಸನವೂ ಒಂದು. ಸುಪ್ತ ಅಂದ್ರೆ ಮಲಗಿದ ಸ್ಥಿತಿ. ವೀರಾಸನದಲ್ಲಿ ಕುಳಿತು ಹಾಗೇ ಹಿಂದಕ್ಕೆ ಮಲಗುವುದೇ ಈ ಆಸನ. ನೋಡೋಕೆ ಸುಲಭ ಅನ್ನಿಸುತ್ತೆ, ಆದರೆ ಅವಸರ ಮಾಡಿದ್ರೆ ಮೊದಲು ಪೆಟ್ಟು ಬೀಳೋದು ಮೊಣಕಾಲಿಗೆ.

ಮೊಣಕಾಲಿಗೆ ಯಾಕೆ ತೊಂದರೆ?

ಮೊಣಕಾಲಿನ ಕೀಲು ಮುಖ್ಯವಾಗಿ ಮಡಚಲು, ಚಾಚಲು ಇರುವಂಥದ್ದು. ತಿರುಚಿದರೆ ತಡೆಯಲ್ಲ. ತೊಡೆಯ ಮುಂಭಾಗದ ಸ್ನಾಯು ಬಿಗಿಯಾಗಿದ್ದಾಗ ಬಲವಂತವಾಗಿ ಮಲಗಿದರೆ ಮೊಣಕಾಲು ಮೇಲೇಳುತ್ತದೆ ಅಥವಾ ಅಗಲವಾಗುತ್ತದೆ. ಸೊಂಟವೂ ಕಮಾನಿನಂತೆ ಬಾಗಿ ನೋವು ಶುರುವಾಗುತ್ತದೆ.

ಮಾಡುವ ವಿಧಾನ

1. ಮಂಡಿಯೂರಿ, ಎರಡೂ ಮೊಣಕಾಲು ಹತ್ತಿರ ಇಡಿ. ಪಾದಗಳನ್ನು ಸೊಂಟದಷ್ಟು ಅಗಲ ಮಾಡಿ, ಅವುಗಳ ನಡುವೆ ಕುಳಿತುಕೊಳ್ಳಿ. ಅಂಗಾಲು ಮೇಲ್ಮುಖವಾಗಿ, ಬೆರಳುಗಳು ನೇರ ಹಿಂದಕ್ಕೆ ಇರಲಿ.

2. ಪೃಷ್ಠ ನೆಲ ಮುಟ್ಟದಿದ್ದರೆ ಕೆಳಗೆ ಮಡಚಿದ ಕಂಬಳಿ ಇಡಿ. ಇಲ್ಲೇ ನೋವಾದರೆ ಮುಂದೆ ಹೋಗ್ಬೇಡಿ. ಕೆಲವು ವಾರ ಕೂರುವುದನ್ನಷ್ಟೇ ರೂಢಿ ಮಾಡಿ.

3. ಬೆನ್ನ ಹಿಂದೆ ಉದ್ದಕ್ಕೆ ಗಟ್ಟಿ ದಿಂಬು ಇಡಿ. ಒಂದೊಂದೇ ಮೊಣಕೈ ಊರಿ ನಿಧಾನವಾಗಿ ಒರಗಿ. ತಲೆಗೂ ಆಧಾರ ಇರಲಿ.

4. ಸಹಜವಾಗಿ ಉಸಿರಾಡುತ್ತಾ ಆರಂಭದಲ್ಲಿ ಅರ್ಧ ನಿಮಿಷ ಇದ್ದರೆ ಸಾಕು.

5. ಮೊಣಕೈ ಊರಿಯೇ ಮೇಲೆ ಬನ್ನಿ. ಪಕ್ಕಕ್ಕೆ ಹೊರಳಿ ಏಳಬೇಡಿ. ನಂತರ ಒಂದೊಂದಾಗಿ ಕಾಲು ಚಾಚಿ ವಿಶ್ರಾಂತಿ ಕೊಡಿ.

ದಿಂಬು, ಕಂಬಳಿ ಬಳಸೋದು ನಾಚಿಕೆಯ ವಿಷಯ ಅಲ್ಲ. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರೇ ಇಂಥ ಆಧಾರಗಳನ್ನು ಕಲಿಕೆಯ ಭಾಗವಾಗಿಸಿ ಜಗತ್ತಿಗೆ ಪರಿಚಯಿಸಿದವರು.

ಪ್ರಯೋಜನಗಳು

* ತೊಡೆಯ ಮುಂಭಾಗ, ಪಾದದ ಕೀಲು ಮತ್ತು ಹೊಟ್ಟೆಯ ಸ್ನಾಯುಗಳಿಗೆ ಒಳ್ಳೆಯ ಎಳೆತ ಸಿಗುತ್ತದೆ.
* ಕುರ್ಚಿಯಲ್ಲೇ ಕೂತು ಬಿಗಿಯಾದ ಸೊಂಟದ ಮುಂಭಾಗ ಸಡಿಲವಾಗುತ್ತದೆ.
* ಎದೆ ಅರಳುವುದರಿಂದ ಉಸಿರಾಟ ಹಗುರವಾಗುತ್ತದೆ.
* ಊಟದ ನಂತರದ ಹೊಟ್ಟೆಭಾರಕ್ಕೂ ಇದನ್ನು ಹೇಳಿಕೊಡುವುದುಂಟು. ಹೊಸಬರು ಮಾತ್ರ ಖಾಲಿ ಹೊಟ್ಟೆಯಲ್ಲೇ ಕಲಿಯುವುದು ಒಳ್ಳೆಯದು.

ಯಾರು ಮಾಡಬಾರದು?

ಮೊಣಕಾಲು ಸವೆತ ಅಥವಾ ಲಿಗಮೆಂಟ್ ಪೆಟ್ಟು ಇರುವವರು, ಮಂಡಿ ಶಸ್ತ್ರಚಿಕಿತ್ಸೆ ಆದವರು, ಪಾದದ ಕೀಲಿನ ಗಾಯ ಅಥವಾ ತೀವ್ರ ಸೊಂಟನೋವು ಇರುವವರು ಇದನ್ನು ಬಿಡಬೇಕು. ಗರ್ಭಿಣಿಯರು ವೈದ್ಯರನ್ನು ಕೇಳದೆ ಮಾಡಬಾರದು. ಇಂಥವರು ಅಂಗಾಲುಗಳನ್ನು ಜೋಡಿಸಿ ಮಲಗುವ ಸುಪ್ತ ಬದ್ಧ ಕೋನಾಸನ ತಮಗೆ ಆಗುತ್ತದೆಯೇ ಎಂದು ವೈದ್ಯರಲ್ಲಿ, ಶಿಕ್ಷಕರಲ್ಲಿ ವಿಚಾರಿಸಬಹುದು.

ತೊಡೆಯಲ್ಲಿ ಹಿತವಾದ ಎಳೆತ ಸಹಜ. ಮೊಣಕಾಲೊಳಗೆ ಚುಚ್ಚಿದಂತೆ ನೋವು ಬಂದರೆ ತಕ್ಷಣ ನಿಲ್ಲಿಸಿ. ನೋವು ಕಡಿಮೆಯಾಗದಿದ್ದರೆ ಮೂಳೆ ವೈದ್ಯರನ್ನು ಕಾಣಿ. ಮೊದಲ ಸಲ ಮಾಡುವಾಗ ಅನುಭವಿ ಶಿಕ್ಷಕರು ಪಕ್ಕದಲ್ಲಿರಲಿ.