ನಿಸ್ತಂತು ಕಾರ್‌ಪ್ಲೇ ಮತ್ತು ಆಂಡ್ರಾಯ್ಡ್ ಆಟೊ ಅಡಾಪ್ಟರ್

ನಿಸ್ತಂತು ಕಾರ್‌ಪ್ಲೇ ಮತ್ತು ಆಂಡ್ರಾಯ್ಡ್ ಆಟೊ ಅಡಾಪ್ಟರ್ ಎಂಬುದು, ಯುಎಸ್‌ಬಿ ಕೇಬಲ್ ಮೂಲಕ ಮಾತ್ರ ಸ್ಮಾರ್ಟ್‌ಫೋನಿಗೆ ಜೋಡಣೆಯಾಗುವ ಕಾರಿನ ಪರದೆಯನ್ನು ಕೇಬಲ್ ಇಲ್ಲದೆ ಜೋಡಿಸಲು ನೆರವಾಗುವ ಚಿಕ್ಕ ವಿದ್ಯುನ್ಮಾನ ಸಾಧನ. ಆಡುಮಾತಿನಲ್ಲಿ ಇದನ್ನು ವೈರ್‌ಲೆಸ್ ಡಾಂಗಲ್ ಎಂದೂ ಕರೆಯುತ್ತಾರೆ. ಕಾರಿನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದ ಈ ಸಾಧನವು ಕಾರಿನ ಪಾಲಿಗೆ ಫೋನಿನಂತೆಯೂ ಫೋನಿನ ಪಾಲಿಗೆ ಕಾರಿನಂತೆಯೂ ವರ್ತಿಸುತ್ತದೆ. ಇದರಿಂದ ನಕ್ಷೆ, ಕರೆ, ಸಂಗೀತ ಮತ್ತು ಸಂದೇಶಗಳನ್ನು ಫೋನನ್ನು ಜೇಬಿನಿಂದ ತೆಗೆಯದೆಯೇ ಕಾರಿನ ಪರದೆಯಲ್ಲಿ ಬಳಸಬಹುದು. ಕೇಬಲ್ಲನ್ನು ನಿವಾರಿಸುವುದಷ್ಟೇ ಇದರ ಕೆಲಸ. ಮೊಬೈಲ್ ಜಾಲದ ವ್ಯಾಪ್ತಿಯನ್ನು ಇದು ಹೆಚ್ಚಿಸುವುದಿಲ್ಲ. ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರದಂತಹ ಘಟ್ಟದ ತಾಲ್ಲೂಕುಗಳಲ್ಲಿ ಈ ವ್ಯತ್ಯಾಸಕ್ಕೆ ವಿಶೇಷ ಮಹತ್ವವಿದೆ.

ಹಿನ್ನೆಲೆ

ಫೋನಿನ ಆಯ್ದ ತಂತ್ರಾಂಶಗಳನ್ನು ಕಾರಿನ ಪರದೆಯಲ್ಲಿ ತೋರಿಸುವ ಎರಡು ವ್ಯವಸ್ಥೆಗಳು ಇಂದು ಹೆಚ್ಚು ಬಳಕೆಯಲ್ಲಿವೆ. ಆಪಲ್ ಸಂಸ್ಥೆಯು 2013ರಲ್ಲಿ ಪ್ರಕಟಿಸಿದ ವ್ಯವಸ್ಥೆಯು 2014ರ ಮಾರ್ಚ್‌ನಲ್ಲಿ ಕಾರ್‌ಪ್ಲೇ ಎಂಬ ಹೆಸರಿನಲ್ಲಿ ಬಳಕೆಗೆ ಬಂದಿತು. ಗೂಗಲ್ ಸಂಸ್ಥೆಯು 2014ರ ಜೂನ್‌ನಲ್ಲಿ ಆಂಡ್ರಾಯ್ಡ್ ಆಟೊವನ್ನು ಪ್ರಕಟಿಸಿ, 2015ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿತು. ಭಾರತದಲ್ಲಿ ಆಂಡ್ರಾಯ್ಡ್ ಆಟೊ 2016ರಿಂದ ದೊರೆಯುತ್ತಿದೆ. ಎರಡೂ ವ್ಯವಸ್ಥೆಗಳು ಆರಂಭದಲ್ಲಿ ಕೇಬಲ್ಲನ್ನೇ ಅವಲಂಬಿಸಿದ್ದವು.

ಆಪಲ್ 2015ರ ಐಒಎಸ್ 9 ಆವೃತ್ತಿಯಲ್ಲಿ ನಿಸ್ತಂತು ಕಾರ್‌ಪ್ಲೇಗೆ ಅವಕಾಶ ನೀಡಿತು. ಆಂಡ್ರಾಯ್ಡ್ ಆಟೊದಲ್ಲಿ ಈ ಸೌಲಭ್ಯ 2018ರಲ್ಲಿ ಗೂಗಲ್‌ನ ಆಯ್ದ ಫೋನುಗಳಿಗೆ ದೊರೆತು, 2020ರಲ್ಲಿ ಬಂದ ಆಂಡ್ರಾಯ್ಡ್ 11 ಆವೃತ್ತಿಯ ನಂತರ ಬಹುತೇಕ ಎಲ್ಲ ಫೋನುಗಳಿಗೂ ವಿಸ್ತರಿಸಿತು. ಆದರೆ ಅಷ್ಟರಲ್ಲಿ ಕೇಬಲ್ ಸೌಲಭ್ಯವಷ್ಟೇ ಇರುವ ಕಾರುಗಳು ದೊಡ್ಡ ಸಂಖ್ಯೆಯಲ್ಲಿ ಮಾರಾಟವಾಗಿದ್ದವು. ಈ ಅಂತರವನ್ನು ತುಂಬಲು ಅಡಾಪ್ಟರುಗಳು ಬಂದವು. 2020ರಲ್ಲಿ ಸಾರ್ವಜನಿಕ ಹಣಸಂಗ್ರಹದ ಮೂಲಕ ಆರಂಭವಾದ ಎಎ ವೈರ್‌ಲೆಸ್, 2022ರ ಜನವರಿಯಲ್ಲಿ ಪ್ರಕಟವಾದ ಮೊಟೊರೋಲಾ ಎಂಎ1, ಹಾಗೂ ಕಾರ್‌ಲಿಂಕಿಟ್ ಮತ್ತು ಆಟೋಕಾಸ್ಟ್ ಹೆಸರಿನ ಸಾಧನಗಳು ಇದಕ್ಕೆ ಉದಾಹರಣೆ. ರಾಸ್ಪ್‌ಬೆರಿ ಪೈನಂತಹ ಕಿರುಗಣಕದಲ್ಲಿ ಮುಕ್ತ ತಂತ್ರಾಂಶವನ್ನು ಅಳವಡಿಸಿಕೊಂಡು ಇಂತಹ ಸಾಧನವನ್ನು ಸ್ವತಃ ತಯಾರಿಸಿಕೊಳ್ಳುವವರೂ ಇದ್ದಾರೆ.

ಕಾರಿನ ಬೆಲೆಗೂ ಈ ಸೌಲಭ್ಯಕ್ಕೂ ನೇರ ಸಂಬಂಧವಿಲ್ಲ. ಭಾರತದಲ್ಲಿ ಮಾರಾಟವಾದ ಹುಂಡೈ ಸಂಸ್ಥೆಯ ಕೆಲವು ಮಾದರಿಗಳಲ್ಲಿ, 8 ಇಂಚಿನ ಪರದೆಯ ಅಗ್ಗದ ಶ್ರೇಣಿಗೆ ನಿಸ್ತಂತು ಸಂಪರ್ಕವಿದ್ದು, 10.25 ಇಂಚಿನ ಪರದೆಯ ದುಬಾರಿ ಶ್ರೇಣಿಗೆ ಕೇಬಲ್ ಸಂಪರ್ಕ ಮಾತ್ರ ಇತ್ತು.

ಕಾರ್ಯವಿಧಾನ

ನಿಸ್ತಂತು ಜೋಡಣೆಯಲ್ಲಿ ಬ್ಲೂಟೂತ್ ಮತ್ತು ವೈ-ಫೈ ಎರಡೂ ಪಾಲ್ಗೊಳ್ಳುತ್ತವೆ. ಕಾರನ್ನು ಚಾಲೂ ಮಾಡಿದಾಗ ಯುಎಸ್‌ಬಿ ಕಿಂಡಿಯಿಂದ ವಿದ್ಯುತ್ ಪಡೆದು ಅಡಾಪ್ಟರ್ ಎಚ್ಚರಗೊಳ್ಳುತ್ತದೆ. ಮೊದಲೇ ಪರಿಚಯಿಸಿಟ್ಟ ಫೋನನ್ನು ಅದು ಬ್ಲೂಟೂತ್ ಮೂಲಕ ಗುರುತಿಸಿ, ತನ್ನ ವೈ-ಫೈ ಜಾಲದ ಹೆಸರು ಮತ್ತು ಗುಪ್ತಪದವನ್ನು ಫೋನಿಗೆ ಕಳುಹಿಸುತ್ತದೆ. ಫೋನು ಆ ಜಾಲಕ್ಕೆ ಸೇರಿಕೊಂಡ ಬಳಿಕ ದತ್ತಾಂಶ ವಿನಿಮಯವೆಲ್ಲ ಮುಖ್ಯವಾಗಿ ವೈ-ಫೈ ಮೂಲಕವೇ ನಡೆಯುತ್ತದೆ. ಈ ಇಡೀ ಪ್ರಕ್ರಿಯೆಗೆ ಸಾಮಾನ್ಯವಾಗಿ ಅರ್ಧ ನಿಮಿಷದ ಆಸುಪಾಸು ಬೇಕಾಗುತ್ತದೆ.

ಪರದೆಯಲ್ಲಿ ಕಾಣುವ ಚಿತ್ರವನ್ನು ರಚಿಸುವುದು ಫೋನೇ ಹೊರತು ಕಾರಲ್ಲ. ಫೋನು ಚಿತ್ರವನ್ನು ಸಂಕುಚಿತ ವಿಡಿಯೊ ರೂಪದಲ್ಲಿ ಸತತವಾಗಿ ಕಳುಹಿಸುತ್ತದೆ. ಕಾರಿನ ಪರದೆಯು ಅದನ್ನು ತೋರಿಸಿ, ಬೆರಳಿನ ಸ್ಪರ್ಶದ ಮಾಹಿತಿಯನ್ನು ಹಿಂದಕ್ಕೆ ರವಾನಿಸುತ್ತದೆ. ವಿಡಿಯೊ ತಡೆಯಿಲ್ಲದೆ ಸಾಗಬೇಕಾಗಿರುವುದರಿಂದ 5 ಗಿಗಾಹರ್ಟ್ಸ್ ತರಂಗಪಟ್ಟಿಯ ವೈ-ಫೈಗೆ ಆದ್ಯತೆ ಇದೆ. ಆಂಡ್ರಾಯ್ಡ್ ಆಟೊದಲ್ಲಿ ಫೋನ್ ಕರೆಯ ಧ್ವನಿಯು ಕಾರಿನ ಸ್ವಂತ ಬ್ಲೂಟೂತ್ ಮೂಲಕ ಸಾಗುತ್ತದೆ. ಆದುದರಿಂದ ಅಡಾಪ್ಟರ್ ಬಂದ ಮೇಲೂ ಫೋನಿಗೂ ಕಾರಿಗೂ ಇರುವ ಹಳೆಯ ಬ್ಲೂಟೂತ್ ನಂಟನ್ನು ಅಳಿಸಬಾರದು.

ಫೋನಿಗೂ ಕಾರಿಗೂ ನಡುವಿನ ಈ ವೈ-ಫೈ ಕೊಂಡಿಯು ಕಾರಿನೊಳಗೆ ಮಾತ್ರ ಇರುವಂಥದ್ದು. ಇದಕ್ಕೆ ಅಂತರಜಾಲ ಬೇಕಿಲ್ಲ. ಆನ್‌ಲೈನ್ ನಕ್ಷೆ, ಸಂಗೀತ ಮುಂತಾದ ಸೇವೆಗಳಿಗೆ ಬೇಕಾದ ಅಂತರಜಾಲವನ್ನು ಫೋನು ಎಂದಿನಂತೆ ಮೊಬೈಲ್ ಜಾಲದಿಂದಲೇ ಪಡೆಯುತ್ತದೆ.

ಪರಿವರ್ತನೆಯ ಮಾರ್ಗಗಳು

ಕೇಬಲ್ ಸಂಪರ್ಕವನ್ನು ನಿಸ್ತಂತುವಾಗಿಸಲು ಮೂರು ಮಾರ್ಗಗಳಿವೆ.

1. ತಂತ್ರಾಂಶ ನವೀಕರಣ: ಪರದೆಯ ಯಂತ್ರಾಂಶದಲ್ಲಿ ಸೂಕ್ತ ವೈ-ಫೈ ಇದ್ದರೆ ತಯಾರಕರು ನವೀಕರಣದ ಮೂಲಕವೇ ಈ ಸೌಲಭ್ಯ ಒದಗಿಸಬಹುದು. ಮಾರುತಿ ಸುಝುಕಿ ಸಂಸ್ಥೆಯ ಬಲೆನೊ ಮುಂತಾದ ಕೆಲವು ಮಾದರಿಗಳಿಗೆ ಮಾರಾಟದ ನಂತರ ಹೀಗೆ ನಿಸ್ತಂತು ಸಂಪರ್ಕ ದೊರೆಯಿತು. ಹಣ ವ್ಯಯಿಸುವ ಮುನ್ನ ಇದನ್ನು ವಿಚಾರಿಸುವುದು ಒಳಿತು.

2. ಅಡಾಪ್ಟರ್ ಅಳವಡಿಕೆ: ಕೇಬಲ್ ಮೂಲಕ ಕಾರ್‌ಪ್ಲೇ ಅಥವಾ ಆಂಡ್ರಾಯ್ಡ್ ಆಟೊ ಈಗಾಗಲೇ ಕೆಲಸ ಮಾಡುತ್ತಿರುವ ಕಾರಿಗೆ ಇದು ಸುಲಭದ ದಾರಿ. ಯಾವುದೇ ತಂತಿಯನ್ನು ಕತ್ತರಿಸಬೇಕಿಲ್ಲ. ಬೇಡವೆಂದಾಗ ಕಿತ್ತಿಡಬಹುದು. ಬರಿಯ ಬ್ಲೂಟೂತ್ ಸಂಗೀತವಷ್ಟೇ ಇರುವ ಹಳೆಯ ಕಾರಿಗೆ ಇದರಿಂದ ಪ್ರಯೋಜನವಿಲ್ಲ.

3. ಪರದೆಯ ಬದಲಾವಣೆ: ಹಳೆಯ ಸ್ಟೀರಿಯೊವನ್ನು ತೆಗೆದು ನಿಸ್ತಂತು ಸೌಲಭ್ಯವಿರುವ ಹೊಸ ಘಟಕವನ್ನು ಕೂರಿಸುವುದು ಮೂರನೆಯ ಮಾರ್ಗ. ಹಿಂಬದಿ ಕ್ಯಾಮೆರಾ ಮತ್ತು ಸ್ಟೀರಿಂಗ್ ಮೇಲಿನ ಗುಂಡಿಗಳು ಹೊಸ ಘಟಕಕ್ಕೆ ಹೊಂದುತ್ತವೆಯೇ ಎಂಬುದನ್ನು ಮೊದಲೇ ನೋಡಬೇಕು. ಮೂಲ ತಂತಿಗಳನ್ನು ಕತ್ತರಿಸಿದರೆ ಕಾರಿನ ವಾರಂಟಿಗೆ ತೊಡಕಾಗುವ ಸಾಧ್ಯತೆಯಿದೆ.

ಜೋಡಣೆಯ ಕ್ರಮ

ಮೊದಲಿಗೆ ಫೋನನ್ನು ಉತ್ತಮ ಕೇಬಲ್ಲಿನಿಂದ ಜೋಡಿಸಿ, ಪರದೆಯಲ್ಲಿ ಕಾರ್‌ಪ್ಲೇ ಅಥವಾ ಆಂಡ್ರಾಯ್ಡ್ ಆಟೊ ಮೂಡುತ್ತದೆಯೇ ಎಂದು ಪರೀಕ್ಷಿಸಬೇಕು. ಕಾರಿನಲ್ಲಿ ಒಂದಕ್ಕಿಂತ ಹೆಚ್ಚು ಯುಎಸ್‌ಬಿ ಕಿಂಡಿಗಳಿದ್ದರೆ ಅವುಗಳಲ್ಲಿ ಕೆಲವು ಚಾರ್ಜಿಂಗ್‌ಗೆ ಮಾತ್ರ ಮೀಸಲಾಗಿರುತ್ತವೆ. ದತ್ತಾಂಶ ಸಾಗುವ ಕಿಂಡಿಗೇ ಅಡಾಪ್ಟರನ್ನು ಸಿಕ್ಕಿಸಬೇಕು. ಅನಂತರ ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಕಾಣುವ ಅಡಾಪ್ಟರಿನ ಹೆಸರನ್ನು ಆಯ್ದು, ಕೇಳಿದ ಅನುಮತಿಗಳನ್ನು ನೀಡಿದರೆ ಜೋಡಣೆ ಮುಗಿಯುತ್ತದೆ. ಮುಂದಿನ ಬಾರಿಯಿಂದ ಸಂಪರ್ಕ ತಾನಾಗಿಯೇ ಏರ್ಪಡುತ್ತದೆ.

ಕೊಳ್ಳುವಾಗ ಫೋನು ಯಾವುದೆಂಬುದನ್ನೂ ಗಮನಿಸಬೇಕು. ಕೆಲವು ಅಡಾಪ್ಟರುಗಳು ಐಫೋನಿಗೆ ಮಾತ್ರ, ಕೆಲವು ಆಂಡ್ರಾಯ್ಡ್‌ಗೆ ಮಾತ್ರ, ಇನ್ನು ಕೆಲವು ಎರಡಕ್ಕೂ ಹೊಂದುತ್ತವೆ. ಒಂದೇ ಕಾರನ್ನು ಹಲವರು ಓಡಿಸುವ ಮನೆಯಲ್ಲಿ, ಯಾರ ಫೋನು ಮೊದಲು ಜೋಡಣೆಯಾಗಬೇಕೆಂದು ಆಯ್ಕೆ ಮಾಡಲು ಅವಕಾಶವಿರುವ ಸಾಧನ ಉಪಯುಕ್ತ.

ಸಂಪರ್ಕ ಪದೇ ಪದೇ ತಪ್ಪುತ್ತಿದ್ದರೆ, ಫೋನಿನ ಬ್ಯಾಟರಿ ಉಳಿತಾಯ ವ್ಯವಸ್ಥೆಯು ಹಿನ್ನೆಲೆಯ ತಂತ್ರಾಂಶವನ್ನು ನಿಲ್ಲಿಸುತ್ತಿರಬಹುದು. ಅಂತರಜಾಲವಿಲ್ಲದ ವೈ-ಫೈಯನ್ನು ತಾನಾಗಿಯೇ ಬಿಟ್ಟುಬಿಡುವ ಆಯ್ಕೆ ಚಾಲ್ತಿಯಲ್ಲಿದ್ದರೂ ಹೀಗಾಗುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಈ ಎರಡನ್ನೂ ಪರಿಶೀಲಿಸಿದ ನಂತರವೇ ಸಾಧನವನ್ನು ದೂರಬೇಕು.

ಅನುಕೂಲ ಮತ್ತು ಮಿತಿಗಳು

ದಿನಕ್ಕೆ ಹತ್ತಾರು ಬಾರಿ ಇಳಿದು ಹತ್ತುವವರಿಗೆ, ಕೇಬಲ್ಲನ್ನು ಪ್ರತಿಸಲ ಸಿಕ್ಕಿಸುವ ಕೆಲಸ ತಪ್ಪುವುದೇ ಮುಖ್ಯ ಅನುಕೂಲ. ಹದಗೆಟ್ಟ ರಸ್ತೆಯ ಕುಲುಕಾಟಕ್ಕೆ ಸಡಿಲಗೊಂಡ ಕೇಬಲ್ಲಿನಿಂದ ನಕ್ಷೆ ಮಾಯವಾಗುವ ತೊಂದರೆಯೂ ಕಡಿಮೆಯಾಗುತ್ತದೆ.

ಕೇಬಲ್ ಇದ್ದಾಗ ಫೋನು ಚಾರ್ಜ್ ಆಗುತ್ತಿರುತ್ತದೆ. ನಿಸ್ತಂತು ಬಳಕೆಯಲ್ಲಿ ವೈ-ಫೈ, ಸ್ಥಾನನಿರ್ದೇಶನ ಮತ್ತು ವಿಡಿಯೊ ರಚನೆ ಒಟ್ಟಿಗೆ ನಡೆಯುವುದರಿಂದ ಬ್ಯಾಟರಿ ಬೇಗ ಇಳಿಯುತ್ತದೆ ಮತ್ತು ಫೋನು ಬಿಸಿಯಾಗುತ್ತದೆ. ಸ್ಪರ್ಶಕ್ಕೂ ಧ್ವನಿಗೂ ಅಲ್ಪ ವಿಳಂಬ ಉಂಟಾಗುತ್ತದೆ. ಹೀಗಾಗಿ ದೀರ್ಘ ಪ್ರಯಾಣದಲ್ಲಿ ಕೇಬಲ್ಲನ್ನು ಜೊತೆಗಿಟ್ಟುಕೊಳ್ಳುವುದು ಸೂಕ್ತ.

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರದಲ್ಲಿ ಬಳಕೆ

ಈ ಮೂರು ತಾಲ್ಲೂಕುಗಳು ಪಶ್ಚಿಮಘಟ್ಟದ ಮೇಲ್ಭಾಗದಲ್ಲಿವೆ. ಕರಾವಳಿಗೆ ಇಳಿಯುವವರು ಘಟ್ಟದ ರಸ್ತೆಗಳನ್ನು ಬಳಸಬೇಕು. ಶಿರಸಿಯಿಂದ ಕುಮಟಾಕ್ಕೆ ರಾಷ್ಟ್ರೀಯ ಹೆದ್ದಾರಿ 766ಇ ದೇವಿಮನೆ ಘಟ್ಟದ ಮೂಲಕವೂ, ಯಲ್ಲಾಪುರದಿಂದ ಅಂಕೋಲಾಕ್ಕೆ ರಾಷ್ಟ್ರೀಯ ಹೆದ್ದಾರಿ 52 ಅರಬೈಲ್ ಘಟ್ಟದ ಮೂಲಕವೂ ಸಾಗುತ್ತವೆ. ಸಿದ್ದಾಪುರದಿಂದ ಕುಮಟಾಕ್ಕೆ ದೊಡ್ಡಮನೆ ಘಟ್ಟದ ದಾರಿಯಿದೆ. ದಟ್ಟ ಕಾಡು, ಕಣಿವೆ ಮತ್ತು ಚದುರಿದ ಜನವಸತಿಯ ಕಾರಣದಿಂದ ಈ ದಾರಿಗಳ ಹಲವೆಡೆ ಮೊಬೈಲ್ ಸಂಕೇತ ದೊರೆಯುವುದಿಲ್ಲ. ಜಾಲ ತಲುಪದ ಹಳ್ಳಿಗಳಿಗೆ 4ಜಿ ಒದಗಿಸುವ ದೇಶವ್ಯಾಪಿ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2022ರ ಜುಲೈನಲ್ಲಿ ಒಪ್ಪಿಗೆ ನೀಡಿತು.

ಘಟ್ಟದ ನಡುವೆ ನಕ್ಷೆ ನಿಂತುಹೋದರೆ ಅಡಾಪ್ಟರ್ ಕೆಟ್ಟಿದೆಯೆಂದು ತಿಳಿಯುವುದು ಸಾಮಾನ್ಯ ತಪ್ಪು. ಪರದೆಯಲ್ಲಿ ಚಿತ್ರ ಉಳಿದು ನಕ್ಷೆಯ ಭಾಗ ಮಾತ್ರ ಖಾಲಿಯಾಗಿದ್ದರೆ ಮೊಬೈಲ್ ಜಾಲ ಹೋಗಿದೆಯೆಂದು ಅರ್ಥ. ಇಡೀ ಕಾರ್‌ಪ್ಲೇ ಅಥವಾ ಆಂಡ್ರಾಯ್ಡ್ ಆಟೊ ಪುಟವೇ ಮಾಯವಾಗಿ ಕಾರಿನ ಮೂಲ ಪುಟ ಮೂಡಿದ್ದರೆ ಫೋನು ಮತ್ತು ಕಾರಿನ ನಡುವಿನ ಕೊಂಡಿ ತಪ್ಪಿದೆ. ಉಪಗ್ರಹ ಆಧಾರಿತ ಸ್ಥಾನನಿರ್ದೇಶನಕ್ಕೆ ಮೊಬೈಲ್ ಜಾಲ ಅನಿವಾರ್ಯವಲ್ಲ. ಆದ್ದರಿಂದ ಪಟ್ಟಣದಲ್ಲಿರುವಾಗಲೇ ಸುತ್ತಲಿನ ಪ್ರದೇಶದ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡಿದ್ದರೆ ಜಾಲವಿಲ್ಲದೆಡೆಯೂ ದಾರಿ ತಿಳಿಯುತ್ತದೆ. ಉಂಚಳ್ಳಿ, ಮಾಗೋಡು, ಸಾತೊಡ್ಡಿ ಜಲಪಾತಗಳಿಗೆ ಹೊರಗಿನಿಂದ ಬರುವ ಪ್ರವಾಸಿಗರಿಗೆ ಈ ಮುನ್ನೆಚ್ಚರಿಕೆ ವಿಶೇಷವಾಗಿ ಅನ್ವಯಿಸುತ್ತದೆ.

ಇಳಿಸಿಕೊಂಡ ನಕ್ಷೆಗೂ ಮಿತಿಯಿದೆ. ರಸ್ತೆ ಮುಚ್ಚಿರುವ ತತ್‌ಕ್ಷಣದ ಮಾಹಿತಿ ಅದರಲ್ಲಿ ಇರುವುದಿಲ್ಲ. 2021ರ ಜುಲೈ ತಿಂಗಳ ಭಾರಿ ಮಳೆಗೆ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಭೂಕುಸಿತ ಸಂಭವಿಸಿತು ಮತ್ತು ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಸಂಚಾರ ಸ್ಥಗಿತಗೊಂಡಿತ್ತು. ಮಳೆಗಾಲದಲ್ಲಿ ಘಟ್ಟ ಇಳಿಯುವ ಮೊದಲು ಜಿಲ್ಲಾಡಳಿತದ ಪ್ರಕಟಣೆಯನ್ನು ನೋಡುವುದು ಅಥವಾ ಎದುರಿನಿಂದ ಬಂದ ವಾಹನದವರನ್ನು ವಿಚಾರಿಸುವುದು ಇಂದಿಗೂ ವಿಶ್ವಾಸಾರ್ಹ ಕ್ರಮ.

ಧ್ವನಿಯ ಮೂಲಕ ಊರಿನ ಹೆಸರು ಹೇಳಿ ದಾರಿ ಹುಡುಕುವಾಗಲೂ ಎಚ್ಚರ ಬೇಕು. ಇಲ್ಲಿನ ಹಲವು ಊರು-ಕೇರಿಗಳ ಹೆಸರುಗಳು ಮನೆ, ಗದ್ದೆ, ಸರ, ಕೊಪ್ಪ, ಜಡ್ಡಿ ಎಂಬ ಪದಗಳಿಂದ ಕೊನೆಗೊಳ್ಳುತ್ತವೆ. ಒಂದೇ ಹೆಸರಿನ ಕೇರಿಗಳು ಬೇರೆ ಬೇರೆ ತಾಲ್ಲೂಕಿನಲ್ಲಿರುವುದೂ ಉಂಟು. ಹೊರಡುವ ಮುನ್ನ ನಿಂತ ಕಾರಿನಲ್ಲಿಯೇ ಗುರಿಯನ್ನು ನಕ್ಷೆಯಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು.

ಮನೆಯ ವೈ-ಫೈಯೊಂದಿಗೆ ಉಂಟಾಗುವ ತೊಡಕು

ಮೊಬೈಲ್ ಸಂಕೇತ ದುರ್ಬಲವಾಗಿರುವ ಹಳ್ಳಿಗಳಲ್ಲಿ ಮನೆಯ ಬ್ರಾಡ್‌ಬ್ಯಾಂಡ್ ಸಂಪರ್ಕದ ವೈ-ಫೈ ಮೂಲಕ ಕರೆ ಮಾಡುವ ರೂಢಿಯಿದೆ. ಅಂಗಳದಲ್ಲಿ ಕಾರು ಚಾಲೂ ಆದೊಡನೆ ಫೋನು ಸಾಮಾನ್ಯವಾಗಿ ಮನೆಯ ವೈ-ಫೈಯನ್ನು ಬಿಟ್ಟು ಅಡಾಪ್ಟರಿನ ವೈ-ಫೈಗೆ ಸೇರುತ್ತದೆ. ಆಗ ನಡೆಯುತ್ತಿರುವ ಕರೆ ಕಡಿದುಹೋಗಬಹುದು. ಅಂಗಳದಲ್ಲಿ ಮೊಬೈಲ್ ಸಂಕೇತವೂ ಇಲ್ಲದಿದ್ದರೆ ಮನೆಯವರಿಗೆ ಆ ಫೋನಿಗೆ ಕರೆ ಮಾಡಲೂ ಆಗುವುದಿಲ್ಲ. ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವಂತಹ ತುರ್ತು ಸಂದರ್ಭದಲ್ಲಿ ಬೇಕಾದ ಕರೆಗಳನ್ನು ಕಾರು ಚಾಲೂ ಮಾಡುವ ಮುನ್ನವೇ ಮುಗಿಸಿಕೊಳ್ಳುವುದು ಕ್ಷೇಮ.

ಕೆಲವು ಕಾರುಗಳಲ್ಲಿ ಎಂಜಿನ್ ನಿಲ್ಲಿಸಿದ ಮೇಲೂ ಯುಎಸ್‌ಬಿ ಕಿಂಡಿಗೆ ವಿದ್ಯುತ್ ಹರಿಯುತ್ತಿರುತ್ತದೆ. ಅಂಥಲ್ಲಿ ಫೋನು ಮನೆಯೊಳಗಿದ್ದರೂ ಕಾರಿಗೇ ಅಂಟಿಕೊಂಡಿರಬಹುದು. ಇಳಿಯುವಾಗ ಅಡಾಪ್ಟರನ್ನು ಕಳಚುವುದು ಅಥವಾ ಸ್ವಿಚ್ ಇರುವ ಸಾಧನವನ್ನು ಬಳಸುವುದು ಇದಕ್ಕೆ ಪರಿಹಾರ.

ಕಾನೂನು ಮತ್ತು ಸುರಕ್ಷತೆ

ಭಾರತದಲ್ಲಿ 5 ಗಿಗಾಹರ್ಟ್ಸ್ ವೈ-ಫೈಗೆ ಪರವಾನಗಿಮುಕ್ತ ತರಂಗಗಳನ್ನು 2018ರ ಅಕ್ಟೋಬರ್‌ನ ಅಧಿಸೂಚನೆಯು ವಿಸ್ತರಿಸಿತು. ಆಮದಾಗುವ ನಿಸ್ತಂತು ಸಾಧನಗಳಿಗೆ ದೂರಸಂಪರ್ಕ ಇಲಾಖೆಯ ಅನುಮೋದನೆ ಬೇಕಾಗುತ್ತದೆ. ಹೆಸರು, ಅನುಮೋದನೆ ಎರಡೂ ಇಲ್ಲದ ಅಗ್ಗದ ಸಾಧನಗಳನ್ನು ಕೊಳ್ಳುವಾಗ ಇದನ್ನು ಗಮನಿಸಬೇಕು. ತಂತ್ರಾಂಶ ನವೀಕರಣ ದೊರೆಯದ ಸಾಧನವು ಫೋನಿನ ಹೊಸ ಆವೃತ್ತಿ ಬಂದಾಗ ಕೆಲಸ ನಿಲ್ಲಿಸುವ ಸಂಭವವೂ ಇದೆ. ಕಾರನ್ನು ಮಾರುವಾಗ ಅಡಾಪ್ಟರನ್ನು ತೆಗೆದು, ಪರದೆಯಲ್ಲಿ ಉಳಿದಿರುವ ಸಂಪರ್ಕ ಸಂಖ್ಯೆಗಳು ಮತ್ತು ಬ್ಲೂಟೂತ್ ನಂಟುಗಳನ್ನು ಅಳಿಸಬೇಕು.

ಮೋಟಾರು ವಾಹನ ಕಾಯ್ದೆ, 1988ರ 184ನೆಯ ಕಲಮಿನಂತೆ, 2019ರ ತಿದ್ದುಪಡಿಯ ನಂತರ, ಚಾಲನೆಯ ವೇಳೆ ಕೈಯಲ್ಲಿ ಫೋನು ಹಿಡಿದು ಬಳಸುವುದು ಅಪಾಯಕಾರಿ ಚಾಲನೆಯ ಅಪರಾಧದಲ್ಲಿ ಸೇರುತ್ತದೆ. ಮೊದಲ ಅಪರಾಧಕ್ಕೆ 1,000ದಿಂದ 5,000 ರೂಪಾಯಿವರೆಗಿನ ದಂಡ, ಆರು ತಿಂಗಳಿಂದ ಒಂದು ವರ್ಷದವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. 2020ರ ಅಕ್ಟೋಬರ್ 1ರಿಂದ ಜಾರಿಯಾದ ನಿಯಮವು ಚಾಲಕನ ಗಮನಕ್ಕೆ ಭಂಗ ಬಾರದಂತೆ ದಾರಿ ತಿಳಿಯುವುದಕ್ಕಷ್ಟೇ ಫೋನಿನ ಬಳಕೆಗೆ ಅನುಮತಿ ನೀಡುತ್ತದೆ. ನಿಸ್ತಂತು ಸಂಪರ್ಕವು ಫೋನನ್ನು ಕೈಯಿಂದ ದೂರವಿಡಲು ನೆರವಾಗುತ್ತದೆ. ಆದರೆ ಪರದೆಯತ್ತ ದೃಷ್ಟಿ ಹರಿಸಿದಷ್ಟು ಹೊತ್ತು ರಸ್ತೆಯ ಮೇಲಿನ ಗಮನ ತಪ್ಪುತ್ತದೆ. ಕಡಿದಾದ ತಿರುವುಗಳೂ ಮಂಜೂ ಇರುವ ಘಟ್ಟದ ದಾರಿಯಲ್ಲಿ ಧ್ವನಿ ಸೂಚನೆಯನ್ನೇ ಅವಲಂಬಿಸುವುದು, ತಪ್ಪಿದ ಸಂಪರ್ಕವನ್ನು ಸರಿಪಡಿಸಲು ವಾಹನವನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸುವುದು ಅಗತ್ಯ.