ಮನೆ ವಿಡಿಯೋ ಟಿವಿಯಲ್ಲಿ ನೋಡೋಕೆ ಅಗ್ಗದ ನಾಸ್ ಸಾಕಾ? ಇಲ್ಲಿದೆ ಮಾಹಿತಿ

ಮದುವೆ, ಗೃಹಪ್ರವೇಶದ ವಿಡಿಯೋಗಳು ಪೆನ್‌ಡ್ರೈವ್, ಹಳೇ ಹಾರ್ಡ್‌ಡಿಸ್ಕ್‌ಗಳಲ್ಲಿ ಚದುರಿ ಹೋಗಿವೆಯೇ? ಎಲ್ಲವನ್ನೂ ಒಂದೇ ಕಡೆ ಇಟ್ಟು ಟಿವಿ, ಮೊಬೈಲ್‌ನಲ್ಲಿ ನೋಡಲು ನಾಸ್ ಅನುಕೂಲ. ನಾಸ್ ಅಂದ್ರೆ ರೂಟರ್‌ಗೆ ಜೋಡಿಸುವ, ಒಳಗೆ ಹಾರ್ಡ್‌ಡಿಸ್ಕ್ ಇರುವ ಪುಟ್ಟ ಪೆಟ್ಟಿಗೆ. ಮನೆಯೊಳಗೆ ನೋಡಿದರೆ ಇಂಟರ್ನೆಟ್ ಡೇಟಾ ಖರ್ಚಾಗಲ್ಲ. ಅಂಗಡಿಯ ಬಿಲ್ಲಿಂಗ್ ಬ್ಯಾಕಪ್‌ ಇಡೋಕೂ ಆಗುತ್ತೆ.

ವಿಡಿಯೋ ತಡೆಯೋದೇಕೆ?
ಅಗ್ಗದ ನಾಸ್‌ನ ಪ್ರೊಸೆಸರ್‌ಗೆ ಶಕ್ತಿ ಕಡಿಮೆ. ಟಿವಿಗೆ ಹೊಂದುವ ಫೈಲ್ ಆದರೆ ಹಾಗೇ ಕಳಿಸುತ್ತೆ, ತೊಂದರೆ ಇಲ್ಲ. ಹೊಂದದಿದ್ದರೆ ನೋಡುತ್ತಿರುವಾಗಲೇ ಫೈಲ್ ಬದಲಿಸಿ ಕೊಡಬೇಕು. ಇದೇ ಟ್ರಾನ್ಸ್‌ಕೋಡಿಂಗ್. ಆಗ ವಿಡಿಯೋ ನಿಂತು ನಿಂತು ಬರುತ್ತೆ. ಹೀಗಾಗಿ ಸ್ಟುಡಿಯೋದವರಿಂದ 1080ಪಿ, ಎಚ್.264 ಇರುವ ಎಂಪಿ4 ಫೈಲನ್ನೇ ಕೇಳಿ ಪಡೆಯಿರಿ. ಬಹುತೇಕ ಸ್ಮಾರ್ಟ್ ಟಿವಿಗಳಲ್ಲಿ ಓಡುತ್ತೆ.

ಜೋಡಣೆ ಹೇಗೆ?
* ನಾಸ್‌ನಿಂದ ರೂಟರ್‌ಗೆ ಲ್ಯಾನ್ ಕೇಬಲ್ ಹಾಕಿ.
* ಟಿವಿ ವೈಫೈನಲ್ಲಿದ್ದರೆ, ಸೌಲಭ್ಯವಿದ್ದಲ್ಲಿ 5 ಗಿಗಾಹರ್ಟ್ಸ್ ಆಯ್ಕೆ ಮಾಡಿ.
* ನಾಸ್ ಸೆಟ್ಟಿಂಗ್ಸ್‌ನಲ್ಲಿ ಡಿಎಲ್‌ಎನ್‌ಎ ಆನ್ ಮಾಡಿ. ನಾಸ್‌ಗೆ ಹೊಂದುವುದಾದರೆ ಜೆಲ್ಲಿಫಿನ್ ಸಾಫ್ಟ್‌ವೇರ್ ಕೂಡ ಉಚಿತವಾಗಿ ಸಿಗುತ್ತೆ.

ಇವು ನೆನಪಿರಲಿ
* ರೈಡ್ 1ರಲ್ಲಿ 4 ಟಿಬಿಯ ಎರಡು ಡಿಸ್ಕ್ ಹಾಕಿದರೂ ಸಿಗೋದು 4 ಟಿಬಿ ಜಾಗ ಮಾತ್ರ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಉಳಿಯುತ್ತೆ. ಆದರೆ ಫೈಲ್ ಡಿಲೀಟ್ ಮಾಡಿದರೆ ಎರಡರಲ್ಲೂ ಹೋಗುತ್ತೆ. ಇನ್ನೊಂದು ಪ್ರತಿಯನ್ನು ಬೇರೆ ಹಾರ್ಡ್‌ಡಿಸ್ಕ್‌ನಲ್ಲಿ ಇಡಲೇಬೇಕು.
* ಕರೆಂಟ್ ದಿಢೀರ್ ಹೋದರೆ ಫೈಲ್ ಕೆಡಬಹುದು. ಯುಪಿಎಸ್ ಹಾಕಿಸಿ.
* ನಾಸ್‌ ಅನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆದಿಡಬೇಡಿ. 2022ರಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್ ಹೀಗೆ ತೆರೆದಿದ್ದ ನಾಸ್‌ಗಳಿಗೆ ನುಗ್ಗಿ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿತ್ತು.